ಹಿಂದಕ್ಕೆ ಹಾರಿದ ಬಾವುಟಗಳು

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ಸಮುದ್ರಯುದ್ಧ ನಡೆಯುತ್ತಿದೆ. ಮೈಸೂರಿನ ಕೆಸರೆಯ ಒಳಬೀದಿಯ ಮನೆ. ಎದುರಿಗೆ ಹಿಟ್ಟಿನ ಗಿರಣಿ, ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿ. ಇವುಗಳ ನಡುವೆ ಫಿರಂಗಿಯ ಹೊಗೆ, ಮುರಿದ ಹಾಯಿಕಂಬ, ಹೊತ್ತಿ ಉರಿಯುವ ಹಡಗು. ಗ್ಯಾಸ್ ಸಿಲಿಂಡರ್ ತರುವವನು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ಏನಮ್ಮ, ಇವತ್ತೆಷ್ಟು ಹಡಗು ಮುಳುಗಿಸಿದ್ರಿ?" ಎಂದು ಕೇಳುತ್ತಾನೆ. ನಾನು ಉತ್ತರ ಕೊಡುವುದಿಲ್ಲ. ಅಪ್ಪ ಮಾತ್ರ ಒಳಗಿನಿಂದಲೇ, "ಮೂರು ಕಣಪ್ಪ, ನಾಲ್ಕನೇದು ಊಟ ಆದ್ಮೇಲೆ" ಎನ್ನುತ್ತಾರೆ.

ಇನ್ನೂರು ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಚಿತ್ರಕಾರರು ಬರೆದ ನೌಕಾಯುದ್ಧದ ತೈಲಚಿತ್ರಗಳು ಈಗ ಅಲ್ಲಿನ ಮ್ಯೂಸಿಯಂಗಳ ಗೋಡೆಯ ಮೇಲಿವೆ. ಅವುಗಳ ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸಿದರೆ ಸಾಲದು, ಕೈಯಲ್ಲೇ ಬರೆದದ್ದು ಬೇಕು ಎನ್ನುವ ಜನ ಪ್ರಪಂಚದಲ್ಲಿ ಇದ್ದಾರೆ. ಅಂಥವರಿಗಾಗಿ ನಾವು ಬರೆಯುತ್ತೇವೆ. ವ್ಯಾಪಾರಿಯೊಬ್ಬರು ಮೂಲಚಿತ್ರದ ದೊಡ್ಡ ಫೋಟೋ ಕಳಿಸುತ್ತಾರೆ, ನಾವು ಫೋಟೋದ ಮೇಲೂ ಕ್ಯಾನ್‌ವಾಸಿನ ಮೇಲೂ ಪೆನ್ಸಿಲಿನಲ್ಲಿ ಚೌಕಗಳನ್ನು ಎಳೆದುಕೊಂಡು, ಒಂದೊಂದೇ ಚೌಕವನ್ನು ನೋಡಿ ನೋಡಿ ತುಂಬುತ್ತೇವೆ. ನಾನು ಸಮುದ್ರವನ್ನು ನೋಡಿರುವುದು ಜೀವಮಾನದಲ್ಲಿ ಎರಡೇ ಸಲ. ಅಲೆ ಹೇಗೆ ಏಳುತ್ತದೆ ಎಂದು ಕಲಿತದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಆಷಾಢದ ಗಾಳಿಯಲ್ಲಿ. ಇಲ್ಲಿಯವರೆಗೆ ಯಾವ ಗಿರಾಕಿಗೂ ಗೊತ್ತಾಗಿಲ್ಲ.

ನಮ್ಮ ತಾತ ಅರಮನೆಯ ಸಾರೋಟುಗಳಿಗೆ, ಛತ್ರಿಗಳಿಗೆ, ಬಾವುಟದ ಕೋಲುಗಳಿಗೆ ಬಣ್ಣ ಬರೆಯುತ್ತಿದ್ದವರು. ಅಪ್ಪ ಅವರಿಂದ ಚಿನ್ನದ ರೇಕಿನ ದೇವರ ಪಟಗಳನ್ನು ಕಲಿತರು. ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಎಳೆಯುವ ಕೈ ಅವರದು. ದೇವರ ಪಟ ಕೇಳುವವರು ಕಮ್ಮಿಯಾದ ಕಾಲಕ್ಕೆ ಸರಿಯಾಗಿ ನಾನು ಮಂಡ್ಯದ ಸಂಸಾರ ಮುಗಿಸಿ ಒಂದು ಸೂಟ್‌ಕೇಸ್ ಹಿಡಿದುಕೊಂಡು ವಾಪಸ್ಸು ಬಂದೆ. ಆ ಕಥೆ ಇಲ್ಲಿ ಬೇಡ. ಅಮ್ಮ ಆಗಲೇ ಹೋಗಿಬಿಟ್ಟಿದ್ದರು. ತಂದೆ ಮಗಳಿಬ್ಬರೂ ಮುಖ ಮುಖ ನೋಡಿಕೊಂಡು ಕೂರುವ ಬದಲು ಹಡಗು ಬರೆಯಲು ಶುರು ಮಾಡಿದೆವು.

ಕೆಲಸ ಹಂಚಿಕೊಂಡದ್ದು ಹೀಗೆ: ಆಕಾಶ, ನೀರು, ಹೊಗೆ, ಹಡಗಿನ ಮೈ, ಬಾವುಟ ಎಲ್ಲವೂ ನನ್ನ ಪಾಲು. ಹಗ್ಗಗಳು ಅಪ್ಪನ ಪಾಲು. ಹಾಯಿ ಹಡಗಿಗೆ ಎಷ್ಟು ಹಗ್ಗಗಳಿರುತ್ತವೆ ಎಂದು ಬರೆದವರಿಗೇ ಗೊತ್ತು. ಒಂದೊಂದು ಕಂಬದಿಂದಲೂ ಇಪ್ಪತ್ತು ಮೂವತ್ತು, ಅಡ್ಡ ಉದ್ದ, ಏಣಿಯ ಹಾಗೆ, ಬಲೆಯ ಹಾಗೆ. ದೇವಿಯ ಜರಿಯಂಚು ಬರೆದು ಪಳಗಿದ ಕೈಗೆ ಅದು ನೀರು ಕುಡಿದಷ್ಟು ಸಲೀಸು. ನಾನು ಮಾತ್ರ ಫೋಟೋದಲ್ಲಿ ಇದ್ದದ್ದನ್ನು ಇದ್ದಹಾಗೆ ಇಳಿಸುವವಳು. ಮೂಲದಲ್ಲಿ ನೊಣ ಕೂತಿದ್ದರೆ ನನ್ನದರಲ್ಲೂ ನೊಣ ಕೂತಿರುತ್ತದೆ. ಅಪ್ಪ ನನ್ನನ್ನು 'ಮಕ್ಕೀಕಾಮಕ್ಕಿ' ಎಂದೇ ರೇಗಿಸುತ್ತಿದ್ದರು. ರೇಗಿಸಿದರೂ ಅವರ ಹಗ್ಗವೊಂದೂ ಫೋಟೋ ಬಿಟ್ಟು ಆಚೀಚೆ ಹೋದದ್ದಿಲ್ಲ. ಹಾಗಾಗಿ ಅವರೂ ನನ್ನ ಜಾತಿಯವರೇ ಎಂದು ನಾನು ತಿಳಿದುಕೊಂಡಿದ್ದೆ.

ಹೋದ ವರ್ಷ ಯುಗಾದಿ ಕಳೆದು ಒಂದು ವಾರಕ್ಕೆ ಅಪ್ಪನ ಕೈಯಿಂದ ಕಾಫಿ ಲೋಟ ಜಾರಿಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಬಾಯಿ ಒಂದು ಕಡೆಗೆ ಸ್ವಲ್ಪ ವಾಲಿತ್ತು. ಪುಣ್ಯಕ್ಕೆ ಗಿರಣಿಯವಳ ಗಂಡ ಆಟೋ ಓಡಿಸುತ್ತಾನೆ. ಹದಿನೈದು ನಿಮಿಷಕ್ಕೆ ಆಸ್ಪತ್ರೆ ಸೇರಿದೆವು. ಎಂಟು ದಿನಕ್ಕೆ ಮನೆಗೂ ಬಂದೆವು. ಬಾಯಿ ಸರಿಹೋಯಿತು, ನಡಿಗೆ ಸರಿಹೋಯಿತು, ಬಲಗೈಯಲ್ಲಿ ಒಂದಿಷ್ಟು ನಡುಕ ಉಳಿಯಿತು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಬಹಳ ಒಳ್ಳೆಯವರು. ಮನೆಗೆ ಕಳಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಸ್ಟ್ರೋಕ್ ಲೈಟಾಗಿ ಆಗಿ ಹೋಗಿದೆ. ಆದ್ರೆ ಎಡ-ಬಲ, ಹಿಂದೆ-ಮುಂದೆ ಅದಲುಬದಲು ಆಗ್ತಿದೆಯಾ ಅಂತ ನೀವು ನೋಡ್ತಾ ಇರ್ಬೇಕು. ಹಾಗೇನಾದ್ರೂ ಕಂಡ್ರೆ ತಡ ಮಾಡ್ಬೇಡಿ" ಎಂದರು.

ಅಂದಿನಿಂದ ನಾನು ಪೊಲೀಸಿನವಳಾದೆ. ಚಪ್ಪಲಿ ಸರಿಯಾದ ಕಾಲಿಗೆ ಹಾಕಿಕೊಂಡರೇ? ಅಂಗಿಯ ಗುಂಡಿ ಮೇಲೆ ಕೆಳಗೆ ಆಯಿತೇ? ದಿನಪತ್ರಿಕೆಯನ್ನು ತಲೆಕೆಳಗೆ ಹಿಡಿದರೇ? ಅಪ್ಪನಿಗೆ ಇದು ಗೊತ್ತಾಗದೆ ಇರಲಿಲ್ಲ. "ಏನಮ್ಮ, ನನ್ನ ಮೇಲೆ ಸಿಐಡಿ ಬಿಟ್ಟವ್ರಾ?" ಎಂದು ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಜೀವ ಹಿಡಿಯಾಗಿರುತ್ತಿತ್ತು.

ನನ್ನ ತಮ್ಮ ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿದ್ದಾನೆ, ಅಲ್ಲೇ ಮನೆ. ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಆಸ್ಪತ್ರೆಯಲ್ಲೇ ಹೇಳಿದ. "ಬಣ್ಣ, ಎಣ್ಣೆ, ಟರ್ಪೆಂಟೈನ್ ಮಧ್ಯೆ ಅವರನ್ನ ಕೂರಿಸ್ಕೊಂಡು ನೀನೊಬ್ಳೇ ಎಷ್ಟು ಅಂತ ನೋಡ್ತೀಯಕ್ಕ? ಒಂದು ದಿನ ಯಾವುದೋ ಬಾಟ್ಲಿನ ನೀರು ಅಂತ ಕುಡಿದ್ಬುಟ್ರೆ?" ಅವನು ಕೆಟ್ಟವನಲ್ಲ, ಅವನ ಮಾತು ತಪ್ಪೂ ಅಲ್ಲ. ಆದರೆ ಕುಂಚ ಕಿತ್ತುಕೊಂಡರೆ ಅಪ್ಪ ಎಷ್ಟು ದಿನ ಇರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ತಲೆ ನೆಟ್ಟಗಿರುವ ತನಕ ಅಪ್ಪ ಇಲ್ಲಿ, ಕುಂಚದ ಜೊತೆ. ಡಾಕ್ಟರು ಹೇಳಿದ ಆ ಅದಲುಬದಲು ಒಂದು ಸಲ ಕಂಡರೂ ಅವರು ಹೂಟಗಳ್ಳಿಗೆ, ಕೋಣೆಗೆ ಬೀಗ. ನಾನು ಮಾತು ಕೊಟ್ಟೆ.

ಆ ಮಳೆಗಾಲದಲ್ಲಿ ನೌಕಾಪಡೆಯಿಂದ ನಿವೃತ್ತರಾದವರೊಬ್ಬರು ಲಕ್ಷ್ಮೀಪುರಂನಿಂದ ನಮ್ಮ ಮನೆ ಹುಡುಕಿಕೊಂಡು ಬಂದರು. ವ್ಯಾಪಾರಿಯ ಮೂಲಕವಲ್ಲದೆ ನೇರ ಬಂದ ಗಿರಾಕಿಯನ್ನು ನಾನು ಕಂಡದ್ದು ಅದೇ ಮೊದಲು. ನಾವು ಅವರನ್ನು ನೇವಿ ಸಾಹೇಬರು ಎಂದೇ ಕರೆದೆವು. ಮೈಸೂರಿನವರೇ, ಅಜ್ಜ ಮುತ್ತಜ್ಜ ಅರಮನೆಯ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟವರಂತೆ, ಇವರು ಮಾತ್ರ ಹೇಗೋ ತಪ್ಪಿಸಿಕೊಂಡು ಹಡಗು ಹತ್ತಿದರಂತೆ. ಮನೆಗೆ ಹೊಸದಾಗಿ ಬಣ್ಣ ಹೊಡೆಸುತ್ತಿದ್ದೇನೆ, ಹಾಲಿನ ದೊಡ್ಡ ಗೋಡೆಗೆ ಒಂದು ನೌಕಾಯುದ್ಧ ಬೇಕು ಎಂದರು. ಐದಡಿ ಅಗಲ, ಮೂರಡಿ ಎತ್ತರ. ಏಳು ಹಡಗುಗಳು ಎಡದಿಂದ ಬಲಕ್ಕೆ ನುಗ್ಗುತ್ತಿರುವ ಚಿತ್ರ.

ನಡುಗುವ ಕೈಯಲ್ಲಿ ಹಗ್ಗ ಬರೆಯಲಾಗದು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. "ಅಪ್ಪ, ಈ ಸಲ ಹಗ್ಗ ನಾನು ಕಲೀತೀನಿ. ನೀವು ಬಾವುಟ ಬರೀರಿ" ಎಂದೆ. ಬಾವುಟ ಎಂದರೆ ಅಗಲ ಕುಂಚದಲ್ಲಿ ಎರಡು ಮೂರು ಎಳೆತ, ಮೇಲೊಂದು ಬಣ್ಣದ ಪಟ್ಟಿ. ಅಪ್ಪನಿಗೆ ಅವಮಾನವಾಯಿತು. "ಬಾವುಟನಾ? ಅಂಗನವಾಡಿ ಕೆಲ್ಸ ಕೊಟ್ಬುಟ್ಯಲ್ಲಮ್ಮ" ಎಂದರು. ಆದರೂ ಕೂತರು. ಹನ್ನೊಂದು ಬಾವುಟಗಳಿಗೆ ಮೂರು ದಿನ ತೆಗೆದುಕೊಂಡರು. ಆ ಮೂರು ದಿನ ನಾನು ಬೇಕೆಂದೇ ಆ ಕಡೆ ಹೋಗಲಿಲ್ಲ. ಹಿಂದೆ ನಿಂತು ನೋಡಿದರೆ ಅವರ ಕೈ ಇನ್ನೂ ನಡುಗುತ್ತದೆ ಎಂದು ಹಿತ್ತಲಲ್ಲಿ ಇನ್ನೊಂದು ಕ್ಯಾನ್‌ವಾಸಿಗೆ ಬಿಳಿ ಬಳಿಯುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಊಟವಾಗಿ ಅಪ್ಪ ಮಲಗಿದ ಮೇಲೆ ನಾನು ಚಿತ್ರದ ಮುಂದೆ ಬಂದು ನಿಂತೆ. ಬಾವುಟಗಳು ಚೆನ್ನಾಗಿದ್ದವು. ಬಟ್ಟೆಯ ಮಡಿಕೆ, ನೆರಳು, ಗಾಳಿಗೆ ಪಟಪಟ ಎನ್ನುವ ಅಂಚು, ಎಲ್ಲ ಇತ್ತು. ಹನ್ನೊಂದಕ್ಕೆ ಹನ್ನೊಂದೂ ತಿರುಗುಮುರುಗಾಗಿದ್ದವು.

ಫೋಟೋದಲ್ಲಿ ಹಡಗುಗಳು ಬಲಕ್ಕೆ ಹೋಗುತ್ತಿವೆ, ಬಾವುಟಗಳೂ ಬಲಕ್ಕೆ, ಹಡಗಿನ ಮುಂದಕ್ಕೆ ಹಾರುತ್ತಿವೆ. ಅಪ್ಪ ಬರೆದದ್ದರಲ್ಲಿ ಹಡಗುಗಳು ಬಲಕ್ಕೆ, ಬಾವುಟಗಳು ಎಡಕ್ಕೆ. ಫೋಟೋ ಪಕ್ಕದಲ್ಲೇ ಇತ್ತು, ಚೌಕಗಳಿಗೆ ನಂಬರು ಹಾಕಿತ್ತು. ಒಂದು ತಪ್ಪಾಗಿದ್ದರೆ ಕಣ್ತಪ್ಪು ಎನ್ನಬಹುದು. ಹನ್ನೊಂದು? ನನ್ನ ಕಿವಿಯಲ್ಲಿ ಡಾಕ್ಟರ ಮಾತು ಕೇಳಿಸಿತು, ಎಡ-ಬಲ, ಹಿಂದೆ-ಮುಂದೆ. ನಾನು ನೆಲದ ಮೇಲೆ ಕೂತುಬಿಟ್ಟೆ.

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಹನ್ನೊಂದು ಬಾವುಟಗಳನ್ನೂ ಒರೆಸಿದೆ, ಆಕಾಶವನ್ನು ಸರಿಮಾಡಿದೆ, ಹೊಸದಾಗಿ ಬಲಕ್ಕೆ ಹಾರುವ ಬಾವುಟಗಳನ್ನು ಬರೆದೆ. ಅಪ್ಪನ ಮಡಿಕೆ, ಅಪ್ಪನ ನೆರಳು, ಅವರದೇ ಕೈ ಎನ್ನುವ ಹಾಗೆ ಬರೆದೆ. ಇನ್ನೊಬ್ಬರ ಕೈಯನ್ನು ಇಳಿಸುವುದೇ ತಾನೇ ನನ್ನ ಕಸುಬು? ಅವರು ಎದ್ದು ಕಾಫಿ ಕೇಳುವ ಹೊತ್ತಿಗೆ ಕೊನೆಯದನ್ನು ಮುಗಿಸಿ ಕೈ ತೊಳೆದುಕೊಂಡಿದ್ದೆ. ತಮ್ಮನಿಗೆ ಗೊತ್ತಾಗಬಾರದು, ಡಾಕ್ಟರಿಗೆ ಗೊತ್ತಾಗಬಾರದು, ಅಪ್ಪನಿಗಂತೂ ಗೊತ್ತಾಗಲೇಬಾರದು. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು ಬಂದು ಚಿತ್ರದ ಮುಂದೆ ನಿಂತರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಬಹಳ ಹೊತ್ತು ನಿಂತೇ ಇದ್ದರು. ನಾನು ಹಗ್ಗ ಬರೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಈ ಬಾವುಟಗಳ್ನ ನಾನೇ ಬರೆದದ್ದಾ ಅಮ್ಮ?"

"ಹೂಂ ಅಪ್ಪ. ಮತ್ತಿನ್ಯಾರು ಬರೀತಾರೆ?"

"ನಿನ್ನೇನೇ?"

"ನಿನ್ನೆ ಮುಗಿಸಿದ್ರಲ್ಲ. ಚೆನ್ನಾಗಿ ಬಂದಿವೆ."

ಅವರು "ಹಂಗಾ" ಎಂದರು. ಕೋಣೆಯಿಂದ ಹೊರಗೆ ಹೋದರು. ನಿನ್ನೆ ಮಾಡಿದ ಕೆಲಸವನ್ನು ಇಂದು ಯಾರದು ಎಂದು ಕೇಳುತ್ತಿದ್ದಾರಲ್ಲ! ನನ್ನ ಪತ್ತೇದಾರಿಕೆಯ ಲೆಕ್ಕದಲ್ಲಿ ಇದು ಎರಡನೆಯ ಸಾಕ್ಷಿ.

ಅಂದಿನಿಂದ ಅಪ್ಪ ಕುಂಚ ಮುಟ್ಟಲಿಲ್ಲ. ಕೇಳಿದರೆ, "ಇರ್ಲಿ ಬುಡಮ್ಮ, ಸಾಕು" ಎನ್ನುತ್ತಿದ್ದರು. ಸಿಲಿಂಡರ್‌ನವನು ಬಂದು ಎಷ್ಟು ಹಡಗು ಎಂದು ಕೇಳಿದಾಗ ಉತ್ತರ ಬರಲಿಲ್ಲ. ಹೊರಗೆ ಹೊರಟವರು ಗೇಟಿನ ತನಕ ಹೋಗಿ, ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ವಾಪಸ್ಸು ಬಂದು ನೋಡುತ್ತಿದ್ದರು. ಒಮ್ಮೆಯಲ್ಲ, ಎರಡು ಮೂರು ಸಲ. ಪೇಪರಿನಲ್ಲಿ ಆ ದಿನದ ವಾರ ತಾರೀಖು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಮಾತ್ರೆ ನುಂಗಿದ ಮೇಲೆ ನನ್ನನ್ನು ಕರೆದು, "ನುಂಗಿದೆ, ನೋಡ್ಕೊಂಡ್ಯಲ್ಲ?" ಎನ್ನುತ್ತಿದ್ದರು. ನಾನು ಇವನ್ನೆಲ್ಲ ಒಂದೊಂದಾಗಿ ಕೂಡಿಸಿಕೊಂಡೆ. ಭಾನುವಾರ ತಮ್ಮ ಬಂದವನು ಹತ್ತು ನಿಮಿಷ ಅಪ್ಪನ ಮುಖ ನೋಡಿ, ನನ್ನನ್ನು ಹಿತ್ತಲಿಗೆ ಕರೆದ.

"ಅಕ್ಕ, ಏನೋ ಮುಚ್ಚಿಡ್ತಿದ್ದೀಯ ನೀನು."

ಅವನೆದುರು ನನಗೆ ಸುಳ್ಳು ಹೇಳಲಾಗಲಿಲ್ಲ. ಮುಂದಿನ ಸೋಮವಾರ ಡಾಕ್ಟರ ಬಳಿ ಹೋಗುವುದಿತ್ತು. ಅಲ್ಲಿ ಎಲ್ಲ ಹೇಳಿಬಿಡುತ್ತೇನೆ, ಆಮೇಲೆ ನೀನು ಕರೆದುಕೊಂಡು ಹೋಗು ಎಂದೆ. ಅವನು ನನ್ನ ಭುಜದ ಮೇಲೆ ಕೈ ಇಟ್ಟ. ಅದಕ್ಕೇ ನನಗೆ ಇನ್ನೂ ಅಳು ಬಂತು.

ಆ ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನೇವಿ ಸಾಹೇಬರು ಚಿತ್ರ ನೋಡಲು ಬಂದರು. ಅಪ್ಪ ಒಳಕೋಣೆಯಿಂದ ಈಚೆಗೆ ಬರಲಿಲ್ಲ. ಸಾಹೇಬರು ಮೊದಲು ದೂರದಿಂದ ನೋಡಿದರು, ಆಮೇಲೆ ಹತ್ತಿರದಿಂದ ನೋಡಿದರು. ನನ್ನ ಹಗ್ಗಗಳಲ್ಲಿ ಎರಡು ಕಡೆ ತಪ್ಪು ಹುಡುಕಿದರು, ಅದು ನ್ಯಾಯವೇ. ಬಾವುಟಗಳನ್ನು ನೋಡಿ ಮಾತ್ರ ಮುಖ ಅರಳಿಸಿಕೊಂಡು ಜೋರಾಗಿ ನಕ್ಕರು.

"ಅಬ್ಬ! ಬಾವುಟ ಮುಂದಕ್ಕೇ ಬರೆದಿದ್ದೀರ. ಇದೊಂದು ಯೋಚನೆ ಇತ್ತು ನನಗೆ. ಮೊದಲೇ ಹೇಳ್ಬಿಡೋಣ ಅಂದ್ಕೊಂಡೆ, ಹಿರಿಯರಿಗೆ ಬೇಜಾರಾದೀತು ಅಂತ ಸುಮ್ಮನಾದೆ."

"ಫೋಟೋದಲ್ಲಿ ಹಾಗೇ ಇದೆಯಲ್ಲ ಸರ್?" ಎಂದೆ.

"ಇದೆ. ಆದ್ರೆ ಯಾಕೆ ಹಾಗಿದೆ ಗೊತ್ತಾ?"

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅವರು ಜೇಬಿನಿಂದ ಕರ್ಚೀಫು ತೆಗೆದು, ನಮ್ಮ ಟೇಬಲ್ ಫ್ಯಾನನ್ನು ಜೋರಾಗಿ ಇಟ್ಟು, ಅದರ ಮುಂದೆ ಕರ್ಚೀಫು ಹಿಡಿದರು. ಅದು ಫ್ಯಾನಿನಿಂದ ಆಚೆಗೆ ಹಾರಿತು. "ಮಂತ್ರಿಗಳ ಕಾರು ಗಾಳೀನ ಸೀಳ್ಕೊಂಡು ಹೋಗುತ್ತೆ. ಅದಕ್ಕೇ ಅದರ ಬಾವುಟ ಹಿಂದಕ್ಕೆ ಹಾರುತ್ತೆ. ಹಾಯಿ ಹಡಗನ್ನ ಗಾಳೀನೇ ಹಿಂದಿನಿಂದ ತಳ್ಕೊಂಡು ಹೋಗುತ್ತೆ ಕಣಮ್ಮ. ಗಾಳಿ ಹಡಗಿಗಿಂತ ಜೋರು. ಹಾಯಿ ಯಾವ ಕಡೆ ಉಬ್ಬುತ್ತೋ ಬಾವುಟವೂ ಆ ಕಡೆಗೇ." ಕರ್ಚೀಫು ಮಡಚಿ ಜೇಬಿಗಿಟ್ಟುಕೊಂಡು ಮುಂದುವರಿಸಿದರು. "ನಮ್ಮ ಹಿಂದಿನ ಬೀದೀಲಿ ಒಬ್ಬರು ರಿಟೈರ್ಡ್ ಮೇಡಂ ಇದ್ದಾರೆ. ಅವರ ಮನೇಲಿ ಇಂಥದ್ದೇ ಒಂದು ಚಿತ್ರ ಇದೆ. ಎಷ್ಟು ಚೆನ್ನಾಗಿದೆ ಅಂದ್ರೆ! ಆದ್ರೆ ಒಂದೊಂದು ಬಾವುಟವೂ ಹಿಂದಕ್ಕೆ. ನೋಡಿದಾಗಲೆಲ್ಲ ನಗ್ತೀನಿ. ಯಾರು ಬರೆದದ್ದು ಅಂತ ಅವರನ್ನ ಕೇಳಿಯೇ ನಿಮ್ಮ ಮನೆಗೆ ಬಂದದ್ದು ನಾನು."

ನಾನು ಕುಂಚ ಕೆಳಗಿಟ್ಟು, "ಸರ್, ನನಗೆ ಅದನ್ನ ಈಗಲೇ ನೋಡ್ಬೇಕು" ಎಂದೆ. ನನ್ನ ಮುಖದಲ್ಲಿ ಏನು ಕಂಡಿತೋ, ಅವರು ಏಕೆ ಏನು ಎಂದು ಕೇಳಲಿಲ್ಲ. ಕಾರಿನಲ್ಲಿ ಕರೆದುಕೊಂಡು ಹೋದರು. ಗಿರಣಿಯವಳಿಗೆ ಅಪ್ಪನನ್ನು ನೋಡಿಕೊಳ್ಳಲು ಹೇಳಿ ಹೊರಟೆ. ಎಣ್ಣೆಯ ಕಲೆ ಮೆತ್ತಿದ ನೈಟಿಯ ಮೇಲೆ ದುಪಟ್ಟಾ ಹಾಕಿಕೊಂಡು ಲಕ್ಷ್ಮೀಪುರಂಗೆ ಹೋದವಳು ನಾನೊಬ್ಬಳೇ ಇರಬೇಕು.

ಮೇಡಂ ಕ್ರಿಶ್ಚಿಯನ್ನರು, ಎಪ್ಪತ್ತರ ಆಸುಪಾಸು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಗಂಡ ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ಈಗಿಲ್ಲ. ಹಾಲಿನಲ್ಲಿ ಏಸುವಿನ ಪಟ, ಅದರ ಎದುರು ಗೋಡೆಯ ಮೇಲೆ ಸಮುದ್ರಯುದ್ಧ. ಬಾಗಿಲಿನಿಂದಲೇ ನನಗೆ ಗೊತ್ತಾಯಿತು. ಆ ಹಗ್ಗಗಳು ಪ್ರಪಂಚದಲ್ಲಿ ಬೇರೆ ಯಾರ ಕೈಯಿಂದಲೂ ಬರುವುದಿಲ್ಲ. ಹೊಗೆ ಬಲಕ್ಕೆ, ಹಾಯಿ ಬಲಕ್ಕೆ ಉಬ್ಬಿವೆ, ಬಾವುಟಗಳು ಎಲ್ಲವೂ ಎಡಕ್ಕೆ, ದಸರಾ ಮೆರವಣಿಗೆಯ ಕುದುರೆ ಸವಾರರ ಬಾವುಟಗಳ ಹಾಗೆ ಠೀವಿಯಿಂದ ಹಿಂದಕ್ಕೆ ಹಾರುತ್ತಿವೆ.

"ಇದನ್ನ ಯಾವಾಗ ಬರೆದದ್ದು ಮೇಡಂ?"

"ನಮ್ಮ ಯಜಮಾನ್ರು ರಿಟೈರ್ ಆದ ವರ್ಷ. ನಿಮ್ಮ ತಂದೆ ಆಗ ದೇವರ ಪಟ ಬರೀತಿದ್ರು, ಇವರು ಫೋಟೋ ಕೊಟ್ಟು ಒತ್ತಾಯ ಮಾಡಿ ಇದೊಂದು ಹಡಗಿನ ಚಿತ್ರ ಬರೆಸಿದ್ರು. ಇಪ್ಪತ್ತೆರಡು ವರ್ಷ ಆಯ್ತು ಕಣಮ್ಮ."

ಇಪ್ಪತ್ತೆರಡು ವರ್ಷ. ಆಗ ನಾನು ಮಂಡ್ಯದಲ್ಲಿದ್ದೆ. ಅಪ್ಪನಿಗೆ ಐವತ್ತನಾಲ್ಕು. ತಲೆಯಲ್ಲಿ ಒಂದು ಬಿಳಿ ಕೂದಲು ಸಹ ಇರಲಿಲ್ಲ.

ಮೇಡಂ ಹೇಳುತ್ತಾ ಹೋದರು. "ಚಿತ್ರ ತಂದುಕೊಟ್ಟಾಗ ನಮ್ಮವರು, ಸ್ವಾಮಿ, ಬಾವುಟ ಉಲ್ಟಾ ಆಗಿದೆ, ಫೋಟೋದಲ್ಲಿ ಸರಿಯಾಗಿದೆ ನೋಡಿ ಅಂದ್ರು. ನಿಮ್ಮ ತಂದೆ ಒಪ್ಪಬೇಕಲ್ಲ! 'ಫೋಟೋದವನಿಗೇ ಗೊತ್ತಿಲ್ಲ. ನಮ್ಮಪ್ಪ ಅರಮನೆ ಬಾವುಟಕ್ಕೆ ಬಣ್ಣ ಬರೆದವರು. ಓಡೋ ವಾಹನದ ಬಾವುಟ ಹಿಂದಕ್ಕೇ ಹಾರೋದು, ಮೂಲದವನು ತಪ್ಪು ಮಾಡಿದ್ರೆ ನಾನೂ ಮಾಡ್ಬೇಕಾ' ಅಂದ್ರು. ಅರ್ಧ ಗಂಟೆ ಇಬ್ಬರೂ ಜಗಳ. ಕೊನೆಗೆ ನಮ್ಮವರೇ ಸೋತರು. ಸಾಯೋವರೆಗೂ ಬಂದವರಿಗೆಲ್ಲ ಈ ಕಥೆ ಹೇಳಿ ನಗೋರು."

ನಾನು ಅವರ ಸೋಫಾದ ಮೇಲೆ ಕೂತು ನಗಲು ಶುರು ಮಾಡಿದೆ. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೇ ತಿಳಿಯಲಿಲ್ಲ. ಮೇಡಂ ಗಾಬರಿಯಾಗಿ ನಿಂಬೆಹಣ್ಣಿನ ಶರಬತ್ತು ತಂದರು, ಸಾಹೇಬರು ಫ್ಯಾನ್ ಹಾಕಿದರು. ನಮ್ಮಪ್ಪನ ತಲೆಗೆ ಏನೂ ಆಗಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಎಡ-ಬಲ ಅದಲುಬದಲಾಗಿಲ್ಲ. ಅವರು ಇಪ್ಪತ್ತೆರಡು ವರ್ಷಗಳ ಹಿಂದೆ, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಾಗಲೂ, ಇಷ್ಟೇ ತಪ್ಪಾಗಿದ್ದರು. ಆ ಬಾವುಟಗಳಲ್ಲಿ ಇದ್ದದ್ದು ಕಾಯಿಲೆಯಲ್ಲ, ಹಟ. ತಂದೆ ತಪ್ಪು ಎಂದು ತಿಳಿದು ಇಷ್ಟು ಸಂತೋಷಪಟ್ಟ ಮಗಳು ಇನ್ನೊಬ್ಬಳು ಇರಲಾರಳು. ಬಾವುಟಗಳ ಹತ್ತಿರಕ್ಕೆ ಹೋಗಿ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಮನೆಗೆ ಬಂದಾಗ ಅಪ್ಪ ಒಳಕೋಣೆಯ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು ಫೋನು ಕೊಟ್ಟೆ.

"ಇದು ಯಾರ ಕೈ ಹೇಳಿ ಅಪ್ಪ."

ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಂದೇ. ಲಕ್ಷ್ಮೀಪುರಂ ಟೀಚರಮ್ಮನ ಮನೇದು. ಆವಮ್ಮನ ಯಜಮಾನ್ರು ಬಾವುಟ ತಿರುಗ್ಸು ಅಂತ ಪ್ರಾಣ ತಿಂದ್ಬುಟ್ರು. ಆಗಕಿಲ್ಲ ಅಂದೆ." ಒಂದಕ್ಷರ ಮರೆತಿರಲಿಲ್ಲ.

"ಮತ್ತೆ ಇಲ್ಲಿ? ನಮ್ಮ ಈ ಚಿತ್ರದಲ್ಲಿ ಹೇಗೆ ಬರೆದ್ರಿ?"

ಅಪ್ಪ ಫೋನನ್ನು ನನ್ನ ಮಡಿಲಲ್ಲಿಟ್ಟರು. ಮುಖ ಸಣ್ಣದಾಯಿತು. ನನ್ನ ಕಡೆ ನೋಡದೆ ಮಾತಾಡಿದರು. "ಇಲ್ಲೂ ಹಿಂದಕ್ಕೇ ಬರೆದೆ ಅಂದ್ಕೊಂಡಿದ್ದೆ ಕಣಮ್ಮ. ಮೂರು ದಿನ ಕೂತ್ಕೊಂಡು ಒಂದೊಂದನ್ನೂ ಹಿಂದಕ್ಕೇ ಬರೆದ ನೆನಪೈತೆ ನಂಗೆ. ಬೆಳಿಗ್ಗೆ ನೋಡಿದ್ರೆ ಎಲ್ಲ ಮುಂದಕ್ಕೆ. ತಲೆ ಒಂದು ಅಂದ್ಕೊಂಡದ್ದು, ಕೈ ಇನ್ನೊಂದು ಬರೆದದ್ದು. ಡಾಕ್ಟರಮ್ಮ ನಿಂಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು."

ಆಗ ನನಗೆ ಅರ್ಥವಾಯಿತು. ಗೇಟಿನಿಂದ ವಾಪಸ್ಸು ಬಂದು ಗ್ಯಾಸ್ ನೋಡಿದ್ದು, ತಾರೀಖು ಗಟ್ಟಿಯಾಗಿ ಓದಿಕೊಂಡದ್ದು, ಕುಂಚ ಕೆಳಗಿಟ್ಟದ್ದು, ಎಲ್ಲವೂ ನನ್ನ ಒಂದು ಸುಳ್ಳಿನಿಂದ. ಅವರನ್ನು ಉಳಿಸುತ್ತೇನೆ ಎಂದು ಹೊರಟವಳು ಅವರ ಬುದ್ಧಿಯ ಮೇಲೆ ಅವರಿಗೇ ನಂಬಿಕೆ ಇಲ್ಲದಂತೆ ಮಾಡಿದ್ದೆ.

"ನೀವು ಹಿಂದಕ್ಕೇ ಬರೆದಿದ್ರಿ ಅಪ್ಪ. ನಾನು ಒರೆಸಿ ತಿರುಗಿಸಿದೆ. ನೀವು ಮಲಗಿದ್ದಾಗ."

"ನೀನಾ?"

"ನಾನೇ. ಕೇಳಿದಾಗ ಸುಳ್ಳು ಹೇಳಿದೆ. ತಪ್ಪಾಯ್ತು ಅಪ್ಪ."

"ನೀನಾ ತಿರುಗ್ಸಿದ್ದು?" ಮತ್ತೆ ಕೇಳಿದರು. ಹೂಂ ಎಂದೆ. ಅವರು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡು, ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದಂಥ ಒಂದು ಉಸಿರು ಬಿಟ್ಟರು.

"ಹನ್ನೆರಡು ದಿನ ಕಣಮ್ಮ. ಬೆಳಿಗ್ಗೆ ಎಚ್ಚರ ಆದ ತಕ್ಷಣ ನಿನ್ನ ಹೆಸರು ನೆನಪೈತಾ ಅಂತ ಒಂದ್ಸಲ ಹೇಳ್ಕೊಂಡು ನೋಡ್ತಿದ್ದೆ. ಅದು ಬಂದ್ಮೇಲೇನೇ ಕಾಲು ಕೆಳಗಿಡ್ತಿದ್ದೆ."

ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಅವರಿಗೆ ಸಿಟ್ಟು ಬಂತು. ನಿಧಾನವಾಗಿ, ಕಾಲಿನಿಂದ ತಲೆಯವರೆಗೆ, ಹಾಲು ಉಕ್ಕುವ ಹಾಗೆ ಬಂತು. ಕೈ ಬಿಡಿಸಿಕೊಂಡು ಎದ್ದು ನಿಂತರು. ಮುಂದಿನ ಕೋಣೆಗೆ ಹೋಗಿ ಚಿತ್ರದ ಎದುರು ನಿಂತು ಶುರು ಮಾಡಿದರು. ನನ್ನ ಬಾವುಟ ಮುಟ್ಟೋಕೆ ನೀನ್ಯಾರು? ನಿಮ್ಮ ತಾತ ಇದ್ದಿದ್ರೆ ನಿನ್ನ ಕೈಗೆ ಬರೆ ಹಾಕ್ತಿದ್ರು. ಮಕ್ಕೀಕಾಮಕ್ಕಿ, ಸ್ವಂತ ಬುದ್ಧಿ ಅನ್ನೋದು ಸಾಸಿವೆ ಕಾಳಷ್ಟಾದ್ರೂ ಐತಾ? ನೇವಿ ಸಾಹೇಬರ ಫ್ಯಾನು ಕರ್ಚೀಫಿನ ಪಾಠವನ್ನು ನಾನು ಹೇಳಲು ಹೋದರೆ, "ಅವರು ಸಮುದ್ರ ನೋಡಿರ್ಬೋದು, ಬಾವುಟ ನೋಡಿರೋನು ನಾನು!" ಎಂದು ಬಾಯಿ ಮುಚ್ಚಿಸಿದರು.

ಬೈಗುಳದ ನಡುನಡುವೆ ನನ್ನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಮನೆಯಲ್ಲಿ ಕರೆಯುವ ಅರ್ಧ ಹೆಸರಲ್ಲ, ಶಾಲೆಯ ದಾಖಲೆಯಲ್ಲಿರುವ ಪೂರ್ತಿ ಹೆಸರು. ನಾನು ಚಿಕ್ಕವಳಾಗಿದ್ದಾಗ ಚಿನ್ನದ ರೇಕು ಕೆಡಿಸಿದ ದಿನಗಳಲ್ಲಿ ಮಾತ್ರ ಆ ಹೆಸರು ಹೊರಬೀಳುತ್ತಿತ್ತು. ಗಿರಣಿಯವಳು ಮಷೀನು ನಿಲ್ಲಿಸಿ ಬಾಗಿಲಿಗೆ ಬಂದು, ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದಳು. ಏನೂ ಇಲ್ಲ ಎಂದು ತಲೆಯಾಡಿಸಿದೆ. ಗೋಡೆಗೆ ಒರಗಿಕೊಂಡು, ಅಪ್ಪ ಇನ್ನೊಂದು ಸಲ ನನ್ನ ಹೆಸರು ಕೂಗಲಿ ಎಂದು ಕಾಯುತ್ತಾ ನಿಂತೆ.